ಮರಳಿ ಬಂದ ಓಲೆ

ಓಲೆಯನ್ನು ಬರೆದ ಮಾತ್ರಕ್ಕೆ ಅದು ತಲುಪಿತೆಂದು ಹೇಳಲಾಗದು. ಅಂಚೆಯವನು ಕಾಲ್ನಡಿಗೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಈ ಮಾತು ಎಷ್ಟು ಸತ್ಯವಾಗಿತ್ತೋ, ಕ್ಷಣಮಾತ್ರದಲ್ಲಿ ಖಂಡಾಂತರಗಳನ್ನು ದಾಟುವ ಇ-ಮೇಲ್‌ನ ಕಾಲದಲ್ಲಿಯೂ ಅಷ್ಟೇ ಸತ್ಯವಾಗಿದೆ. ವಿದ್ಯಾರ್ಥಿವೇತನದ ಅರ್ಜಿಯೋ ಸಂದರ್ಶನದ ಕರೆಯೋ ದಾರಿಯಲ್ಲಿ ತಡೆದು ನಿಂತರೆ, ಬಡ ವಿದ್ಯಾರ್ಥಿಯೊಬ್ಬನ ಒಂದು ವರ್ಷವೇ ವ್ಯರ್ಥವಾದೀತು.

ಈ ತಡೆಗೆ ಕಾರಣವುಂಟು. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬಾತನು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ತನ್ನ ಕಂಪನಿಯ ಗಣಕಯಂತ್ರಗಳ ಜಾಹೀರಾತನ್ನು ಒಮ್ಮೆಲೇ ಕಳುಹಿಸಿದನು. ಬೇಡದ ಓಲೆಗಳ ಹಾವಳಿಗೆ ಅದೇ ನಾಂದಿಯಾಯಿತು. ಇಂತಹ ಓಲೆಗಳಿಗೆ ಮುಂದೆ ಸ್ಪ್ಯಾಮ್ ಎಂಬ ಹೆಸರು ಬಂದಿತು. ಅವನ್ನು ತಡೆಯಲು ಸರ್ವರುಗಳ ಬಾಗಿಲಲ್ಲಿ ಕಾವಲು ಏರ್ಪಟ್ಟಿತು. ಆದರೆ ಈ ಕಾವಲುಗಾರನು ಯಂತ್ರ. ಓಲೆಯ ಲಕ್ಷಣವನ್ನು ನೋಡಬಲ್ಲನಲ್ಲದೆ ಬರೆದವನ ಮನಸ್ಸನ್ನು ಅರಿಯಲಾರನು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದ ಜನರು ಎ.ಓ.ಎಲ್. ಸೇವೆಯಲ್ಲಿ ಖಾತೆ ತೆರೆಯಲು ಹೋದಾಗ ಯಂತ್ರವು ಅವರನ್ನು ತಿರಸ್ಕರಿಸಿತು. ಊರಿನ ಹೆಸರಿನ ನಡುವೆ ಒಂದು ಅಶ್ಲೀಲ ಪದದ ಅಕ್ಷರಗಳಿದ್ದುದೇ ಅವರ ಅಪರಾಧವಾಗಿತ್ತು! ಈಚಲುಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುವರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಓಲೆ ಮರಳಿ ಬಂದಾಗ ಅದರೊಡನೆ ಬರುವ ತಿರಸ್ಕಾರಪತ್ರವನ್ನು ಮೊದಲು ಓದಬೇಕು. ಅದರಲ್ಲಿ ಮೂರಂಕಿಯ ಸಂಖ್ಯೆಯೊಂದಿರುತ್ತದೆ. ಅದು 4ರಿಂದ ಆರಂಭವಾದರೆ ತಡೆ ತಾತ್ಕಾಲಿಕ. ಸರ್ವರು ತಾನೇ ಮತ್ತೆ ಪ್ರಯತ್ನಿಸುವುದು. 5ರಿಂದ ಆರಂಭವಾದರೆ ತಡೆ ಖಚಿತ. ಕಾರಣವನ್ನು ತಿದ್ದದೆ ಹತ್ತು ಸಲ ಕಳುಹಿಸಿದರೂ ಫಲವಿಲ್ಲ.

ಆ ಕಾರಣಗಳಲ್ಲಿ ಮೊದಲನೆಯದು ಗುರುತಿನ ಕೊರತೆ. ಇ-ಮೇಲ್‌ನ ಮೂಲ ನಿಯಮದಂತೆ ಯಾರು ಯಾರ ಹೆಸರಿನಲ್ಲಿ ಬೇಕಾದರೂ ಬರೆಯಬಹುದಾಗಿತ್ತು. ಇದಕ್ಕೆ ಮೂರು ಪರಿಹಾರಗಳು ಹುಟ್ಟಿದವು. ತನ್ನ ಪರವಾಗಿ ಓಲೆ ಕಳುಹಿಸಬಲ್ಲ ಸರ್ವರುಗಳ ಪಟ್ಟಿಯನ್ನು ಸಂಸ್ಥೆಯು ಪ್ರಕಟಿಸುವುದು ಎಸ್‌ಪಿಎಫ್. ಓಲೆಗೆ ಒತ್ತುವ ಗುಪ್ತಮುದ್ರೆ ಡಿಕಿಮ್. ಇವೆರಡೂ ಹೊಂದದಿದ್ದಾಗ ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್. ದಿನಕ್ಕೆ 5000ಕ್ಕೂ ಹೆಚ್ಚು ಓಲೆಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯಗೊಳಿಸಿತು. ಹೊಸ ಸರ್ವರಿಗೆ ಬದಲಾದ ಕಚೇರಿಯೊಂದು ಅದರ ಹೆಸರನ್ನು ಪಟ್ಟಿಗೆ ಸೇರಿಸಲು ಮರೆತರೆ, ಅದರ ಸತ್ಯವಾದ ಓಲೆಗಳೂ ಸುಳ್ಳಾಗಿ ಕಾಣುವುವು. ಹೆಸರನ್ನು ಹಳೆಯ ಪಟ್ಟಿಯಲ್ಲಿಯೇ ಸೇರಿಸಬೇಕು. ಒಂದು ಡೊಮೈನಿಗೆ ಎರಡು ಪಟ್ಟಿಗಳಿದ್ದರೆ ಎರಡೂ ನಿಷ್ಫಲ.

ಎರಡನೆಯದು ಸಹವಾಸದೋಷ. ಒಂದೇ ಸರ್ವರನ್ನು ಹಲವರು ಹಂಚಿಕೊಂಡಿರುವಾಗ ಒಬ್ಬನ ದುಷ್ಕೃತ್ಯದಿಂದ ಆ ಸರ್ವರಿನ ವಿಳಾಸವೇ ಕಪ್ಪುಪಟ್ಟಿಗೆ ಸೇರುವುದುಂಟು. ಮೊದಲು ಆ ಕೃತ್ಯವನ್ನು ನಿಲ್ಲಿಸಿ, ಬಳಿಕ ವಿಳಾಸವನ್ನು ಬಿಡಿಸಲು ಪಟ್ಟಿಯವರನ್ನು ಕೇಳಿಕೊಳ್ಳಬೇಕು.

ಪಡೆಯುವವನಿಗೂ ಕರ್ತವ್ಯವುಂಟು. ಬಾಗಿಲಲ್ಲೇ ತಿರಸ್ಕೃತವಾದ ಓಲೆಯ ಸುಳಿವು ಅವನಿಗೆ ಸಿಗದು. ಆದರೆ ಒಳಗೆ ಬಂದು ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದುದನ್ನು ಅವನು ಹುಡುಕಿ ತೆಗೆಯಬಹುದು. ಜಿಮೇಲಿನಲ್ಲಿ ಅದು 30 ದಿನಗಳಲ್ಲಿ ಅಳಿದುಹೋಗುವುದರಿಂದ ಆಗಾಗ ಇಣುಕಿ ನೋಡುವುದು ಲೇಸು.

ಕಾವಲಿಲ್ಲದ ಮನೆ ಕಳ್ಳರ ಪಾಲಾಗುವುದು ನಿಜ. ಆದರೆ ಬಾಗಿಲಿಗೆ ಬಂದ ನೆಂಟನನ್ನು ಕಳ್ಳನೆಂದು ಅಟ್ಟಿದಾಗ, ಆ ತಪ್ಪನ್ನು ಹುಡುಕಿ ತಿದ್ದುವ ಹೊಣೆ ಮನುಷ್ಯನದೇ ಹೊರತು ಯಂತ್ರದ್ದಲ್ಲ.

ಅಭ್ಯಾಸ
1. ತಿರಸ್ಕಾರಪತ್ರದ ಸಂಖ್ಯೆಯಿಂದ ಏನನ್ನು ತಿಳಿಯಬಹುದು?
2. ಸತ್ಯವಾದ ಓಲೆಗಳು ಸುಳ್ಳಾಗಿ ಕಾಣಲು ಕಾರಣಗಳೇನು? ವಿವರಿಸಿರಿ.