ಮುಕ್ತ ತಂತ್ರಾಂಶದ ಮುಯ್ಯಾಳುಗಳು

ಕರ್ನಾಟಕದ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ಒಬ್ಬ ರೈತನ ಹೊಲಕ್ಕೆ ನೆರೆಹೊರೆಯವರು ಬಂದು ದುಡಿಯುತ್ತಾರೆ. ಅದಕ್ಕೆ ಕೂಲಿಯಿಲ್ಲ. ಅವರ ಹೊಲದಲ್ಲಿ ಕೆಲಸ ಬಿದ್ದಾಗ ಇವನೂ ಹೋಗಿ ದುಡಿದು ಆ ಋಣವನ್ನು ತೀರಿಸುತ್ತಾನೆ. ಇದಕ್ಕೆ ಬರೆದಿಟ್ಟ ಕರಾರಿಲ್ಲ. ಒಬ್ಬರನ್ನೊಬ್ಬರು ಬಲ್ಲರೆಂಬ ನಂಬಿಕೆಯೇ ಆಧಾರ. ಇಂಥದೇ ಪದ್ಧತಿಯೊಂದು ಗಣಕಯಂತ್ರಗಳ ಲೋಕದಲ್ಲಿಯೂ ಉಂಟು. ಆದರೆ ಅಲ್ಲಿನ ಹೊಲ ಜಗತ್ತಿನಷ್ಟು ವಿಶಾಲವಾದುದು. ಅಲ್ಲಿನ ಮುಯ್ಯಾಳುಗಳಲ್ಲಿ ಹೆಚ್ಚಿನವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ.

ಗಣಕಯಂತ್ರವು ತಾನಾಗಿ ಯಾವ ಕೆಲಸವನ್ನೂ ಮಾಡಲಾರದು. ಅದು ಮಾಡಬೇಕಾದುದನ್ನು ಒಂದೊಂದಾಗಿ ತಿಳಿಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಮನುಷ್ಯರು ಓದಬಲ್ಲ ರೂಪದಲ್ಲಿ ಬರೆದ ಆದೇಶಗಳೇ ತಂತ್ರಾಂಶದ ಮೂಲ. ಅನೇಕ ಸಂಸ್ಥೆಗಳು ಈ ಮೂಲವನ್ನು ಗುಟ್ಟಾಗಿಟ್ಟು ತಂತ್ರಾಂಶವನ್ನು ಮಾರುತ್ತವೆ. ಹಾಗಲ್ಲದೆ, ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು ಎಂದು ಅನುಮತಿ ನೀಡಿದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿ ಈ ಚಳವಳಿಗೆ ತಳಹದಿ ಹಾಕಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ತಂತ್ರಾಂಶದ ಮೂಲವನ್ನು ಜಗತ್ತಿನ ಮುಂದಿಟ್ಟನು. ಸಾವಿರಾರು ಜನ ಅದನ್ನು ತಿದ್ದಿ ಬೆಳೆಸಿದರು. ಇಂದು ಆಂಡ್ರಾಯ್ಡ್ ಮೊಬೈಲುಗಳ ಒಡಲಲ್ಲಿ ಇರುವುದು ಆ ಲಿನಕ್ಸೇ.

ಇಷ್ಟು ದೊಡ್ಡ ಕಾರ್ಯ ಪತ್ರವ್ಯವಹಾರದಿಂದಲೇ ನಡೆಯುವುದಾದರೆ, ಇದರಲ್ಲಿ ತೊಡಗಿದವರು ಹಣ ವೆಚ್ಚ ಮಾಡಿ, ದೂರ ಪ್ರಯಾಣ ಮಾಡಿ ಒಂದೆಡೆ ಸೇರುವುದೇಕೆ? ಈ ಪ್ರಶ್ನೆಗೆ 2024ರ ಒಂದು ಪ್ರಸಂಗ ಉತ್ತರ ನೀಡುತ್ತದೆ. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವೊಂದುಂಟು. ಅದನ್ನು ಬಹುಕಾಲ ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ ದುಡಿದು ದಣಿದಿದ್ದ ಒಬ್ಬರೇ. ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿಯೊಬ್ಬ ನೆರವಿಗೆ ಬಂದನು. ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದನು. ಅನಂತರ ಅದರೊಳಗೆ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟನು. ಅದು ಎಲ್ಲೆಡೆ ಹರಡಿದ್ದರೆ ಜಗತ್ತಿನ ಅಸಂಖ್ಯ ಗಣಕಗಳು ಅನ್ಯರ ವಶವಾಗುತ್ತಿದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಗಣಕವು ದೂರದಿಂದ ಪ್ರವೇಶಿಸುವವರಿಗೆ ಸುಮಾರು ಅರ್ಧ ಸೆಕೆಂಡು ತಡವಾಗಿ ಉತ್ತರಿಸುತ್ತಿರುವುದನ್ನು ಗಮನಿಸಿ, ಅದರ ಜಾಡು ಹಿಡಿದು, ಮಾರ್ಚ್ 29ರಂದು ಮೋಸವನ್ನು ಬಯಲಿಗೆಳೆದರು. ಆದರೆ ಜಿಯಾ ಟಾನ್ ಎಂಬುವನು ಯಾರೆಂಬುದು ತಿಳಿಯಲಿಲ್ಲ. ಆ ಹೆಸರಿನ ಹಿಂದಿನ ಮುಖವನ್ನು ಕಂಡವರು ಯಾರೂ ಮುಂದೆ ಬರಲಿಲ್ಲ.

ಈ ಬಗೆಯ ಅಪಾಯವನ್ನು ತಂತ್ರಜ್ಞರು ಮೊದಲೇ ಮನಗಂಡಿದ್ದರು. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯಲ್ಲಿ ಒಂದು ವಾಡಿಕೆಯಿದೆ. ಸದಸ್ಯನಾಗಬಯಸುವವನು ಈಗಾಗಲೇ ಸದಸ್ಯರಾದವರನ್ನು ಎದುರಾಎದುರು ಕಂಡು, ಗುರುತಿನ ಪತ್ರವನ್ನು ತೋರಿಸಬೇಕು. ಆಗ ಅವರು ಅವನ ಗಣಕಮುದ್ರೆಗೆ ತಮ್ಮ ಸಾಕ್ಷಿಯನ್ನು ಹಾಕುತ್ತಾರೆ. ಈ ಯೋಜನೆಯ ಜಾಗತಿಕ ಸಮ್ಮೇಳನವು 2023ರಲ್ಲಿ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಮುಖಪರಿಚಯವೊಂದರಿಂದಲೇ ಮೋಸವೆಲ್ಲ ನಿಲ್ಲುವುದೆಂದು ಹೇಳಲಾಗದು. ಆದರೆ ಪರಿಚಿತರ ನಡುವೆ ಮೋಸ ಮಾಡುವುದು ಕಷ್ಟ. ಅಷ್ಟೇ ಅಲ್ಲ, ದಣಿದವನೊಬ್ಬನ ಕಷ್ಟವು ಅಕ್ಷರಗಳಲ್ಲಿ ಕಾಣದಿದ್ದರೂ ಮುಖದಲ್ಲಿ ಕಾಣುತ್ತದೆ.

ಇಂಥ ಕೂಟಗಳಿಗೆ ಬೆಂಗಳೂರು ಹಳೆಯ ನೆಲೆ. ನಗರದ ದಕ್ಷಿಣ ಭಾಗದಲ್ಲಿ ಶ್ರೀನಗರಕ್ಕೆ ಸಮೀಪವಾದ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಸೇರುತ್ತದೆ. ತಂತಮ್ಮ ಹೊಲಗಳಲ್ಲಿ ಬೇರೆಬೇರೆಯಾಗಿ ದುಡಿದವರು ಅಂದು ಒಂದೇ ಬೀದಿಯಲ್ಲಿ ನೆರೆಯುತ್ತಾರೆ. ಸರಿಸುಮಾರು ಅದೇ ಋತುವಿನಲ್ಲಿ ಗಣಕ ತಂತ್ರಜ್ಞರ ಪರಿಷೆಯೊಂದು ಈ ನಗರದಲ್ಲಿ ಅನೇಕ ವರ್ಷ ನಡೆಯಿತು. ಅತುಲ್ ಚಿಟ್ನಿಸ್ ಮತ್ತು ಅವರ ಸಂಗಡಿಗರು 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂಬ ಹೆಸರಿನಿಂದ ಅದನ್ನು ಆರಂಭಿಸಿದರು. 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂಬ ಹೆಸರು ತಳೆದು ಬೆಂಗಳೂರು ಅರಮನೆಯ ಆವರಣದಲ್ಲಿ ಜರುಗಿತು. ಲಿನಕ್ಸನ್ನು ಬೆಳೆಸಿದವರಲ್ಲಿ ಪ್ರಮುಖರಾದ ಬ್ರಿಟನ್ನಿನ ಅಲನ್ ಕಾಕ್ಸ್ ಆ ವರ್ಷ ಇಲ್ಲಿಗೆ ಬಂದಿದ್ದರು. 2008ರ ನವೆಂಬರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮ್ಮೇಳನ ಭವನದಲ್ಲಿ ಅದು ಐದು ದಿನ ನಡೆಯಿತು.

ಆ ಹೊತ್ತಿಗೆ ಸಂಘಟಕರನ್ನು ಒಂದು ಚಿಂತೆ ಕಾಡುತ್ತಿತ್ತು. ಭಾರತದಲ್ಲಿ ಮುಕ್ತ ತಂತ್ರಾಂಶವನ್ನು ಬಳಸುವವರು ಬಹುಮಂದಿ. ಅದಕ್ಕೆ ತಮ್ಮ ದುಡಿಮೆಯನ್ನು ಸೇರಿಸುವವರು ವಿರಳ. ಮುಯ್ಯಿ ಪಡೆದು ತೀರಿಸದವನ ಹೊಲಕ್ಕೆ ಮರುವರ್ಷ ಯಾರು ಬರುವರು? ಆದುದರಿಂದ ಸಂಘಟಕರು ಉಪನ್ಯಾಸಗಳ ಜೊತೆಗೆ ಕೆಲಸದ ಕೂಟಗಳನ್ನು ಏರ್ಪಡಿಸಿದರು. ಪಳಗಿದವರೂ ಹೊಸಬರೂ ಒಂದೇ ಮೇಜಿನ ಸುತ್ತ ಕುಳಿತು, ಒಂದು ದೋಷವನ್ನು ಆರಿಸಿಕೊಂಡು ತಿದ್ದಲು ತೊಡಗುವುದೇ ಅದರ ಕ್ರಮ. ಕೇಳಲು ಬಂದವನು ಮಾಡುವವನಾಗಿ ಹಿಂದಿರುಗಬೇಕೆಂಬುದು ಅವರ ಆಶಯವಾಗಿತ್ತು.

ಹೀಗೆ ಜೊತೆಗೂಡುವುದು ಕನ್ನಡಕ್ಕೂ ಅಗತ್ಯವಾದುದು. 'ಸೂರ್ಯ' ಎಂಬ ಪದವನ್ನು ಉಚ್ಚರಿಸುವಾಗ ಯಕಾರಕ್ಕಿಂತ ಮೊದಲು ರಕಾರ ಬರುತ್ತದೆ. ಗಣಕವೂ ತನ್ನ ಸ್ಮರಣೆಯಲ್ಲಿ ರಕಾರವನ್ನೇ ಮೊದಲು ಇಟ್ಟುಕೊಳ್ಳುತ್ತದೆ. ಆದರೆ ಬರೆಯುವಾಗ ಯಕಾರ ಮುಂದೆ, ಅರ್ಕಾವೊತ್ತು ಹಿಂದೆ. ಕನ್ನಡ ಲಿಪಿಯು 1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಸ್ಥಾನ ಪಡೆದಿದ್ದರೂ, ಅಕ್ಷರಗಳನ್ನು ಜೋಡಿಸುವ ತಂತ್ರಾಂಶಕ್ಕೆ ಈ ಸೂಕ್ಷ್ಮವನ್ನು ಯಾರಾದರೂ ಕಲಿಸಲೇಬೇಕಾಗಿತ್ತು. ಕನ್ನಡವನ್ನರಿಯದ ತಂತ್ರಜ್ಞನಿಗೆ ಸ್ಥಾನ ತಪ್ಪಿದ ಅರ್ಕಾವೊತ್ತು ದೋಷವೆಂದೇ ತೋರದು. ಕನ್ನಡ ಬಲ್ಲವನೊಬ್ಬನು ಪಕ್ಕದಲ್ಲಿ ಕುಳಿತು ಕಾಗದದ ಮೇಲೆ ಬರೆದು ತೋರಿಸಿದರೆ ಆ ಮಾತು ಕ್ಷಣದಲ್ಲಿ ಮನದಟ್ಟಾಗುತ್ತದೆ. ಇಲ್ಲಿ ಕನ್ನಡವನ್ನು ಚೆನ್ನಾಗಿ ಬಲ್ಲವನೇ ಗುರು.

ಫಾಸ್ ಡಾಟ್ ಇನ್ ಸಮ್ಮೇಳನವು ಕೊನೆಯ ಬಾರಿಗೆ ನಡೆದುದು 2012ರಲ್ಲಿ. ಮರುವರ್ಷ ಜೂನ್ ತಿಂಗಳಲ್ಲಿ ಅತುಲ್ ಚಿಟ್ನಿಸ್ ನಿಧನರಾದರು. ಆದರೆ ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. 2020ರಲ್ಲಿ ಫಾಸ್ ಯುನೈಟೆಡ್ ಎಂಬ ಸಂಸ್ಥೆ ಹುಟ್ಟಿತು. ಅದು ಏರ್ಪಡಿಸುವ ಇಂಡಿಯಾ ಫಾಸ್ ಸಮ್ಮೇಳನವು 2023 ಮತ್ತು 2024ರಲ್ಲಿ ಅದೇ ನಿಮ್ಹಾನ್ಸ್ ಭವನದಲ್ಲಿ ಸೇರಿತು. ಸಂಘಟಕರು ಬದಲಾದರು, ಹೆಸರು ಬದಲಾಯಿತು. ಜನ ಕೂಡುವುದು ನಿಲ್ಲಲಿಲ್ಲ.

ಯಂತ್ರಗಳು ಮಾತನ್ನು ನಿಮಿಷಾರ್ಧದಲ್ಲಿ ಭೂಮಿಯ ಆಚೆಯ ಬದಿಗೆ ಮುಟ್ಟಿಸಬಲ್ಲವು. ಮಾತಾಡಿದವರ ಮೇಲಿನ ವಿಶ್ವಾಸವನ್ನು ಹುಟ್ಟಿಸುವುದು ಮಾತ್ರ ಅವುಗಳಿಂದಾಗದು. ಅದು ಒಂದೇ ಮೇಜಿನ ಮುಂದೆ ಕುಳಿತು ದುಡಿದವರ ನಡುವೆ ನಿಧಾನವಾಗಿ ಬೆಳೆಯುತ್ತದೆ. ಮುಕ್ತ ತಂತ್ರಾಂಶವು ಯಾರೊಬ್ಬರ ಸೊತ್ತೂ ಅಲ್ಲ. ಆದುದರಿಂದಲೇ ಅದನ್ನು ಕಾಯುವ ಹೊಣೆ ಎಲ್ಲರದು. ಪಡೆದ ಮುಯ್ಯಿಯನ್ನು ತೀರಿಸುವವರು ಇರುವವರೆಗೆ ಆ ಹೊಲ ಹಸಿರಾಗಿರುತ್ತದೆ.