ಪ್ಯಾಕಿಂಗ್ ಅಂದರೆ ಏನು?

ಹೊಲಕ್ಕೆ ಹೋಗುವಾಗ ಬುತ್ತಿ ಕಟ್ಟುತ್ತೇವೆ. ಊರಿಗೆ ಹೋಗುವಾಗ ಬಟ್ಟೆಯ ಗಂಟು ಕಟ್ಟುತ್ತೇವೆ. ಅಂಗಡಿಯವರು ಸಕ್ಕರೆ ಪುಡಿಕೆ ಕಟ್ಟುತ್ತಾರೆ. ಇವೆಲ್ಲ ಪ್ಯಾಕಿಂಗೇ. ಮಾತು ಇಂಗ್ಲಿಷಿನದು, ಕೆಲಸ ನಮ್ಮದು.

ವಾಡಿ, ಸೇಡಂ, ಚಿಂಚೋಳಿ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. "ನಮ್ಮವರು ಪ್ಯಾಕಿಂಗಿನಾಗ ಇದ್ದಾರ್ರಿ" ಅಂದರೆ ಅಲ್ಲಿ ಚೀಲ ತುಂಬುವ ಕೆಲಸ. ಅಂಗಡಿಯಲ್ಲಿ "ಪ್ಯಾಕಿಂಗ್ ಹರಿದದ" ಅಂದರೆ ಮೇಲಿನ ಹೊದಿಕೆ ಹರಿದಿದೆ ಅಂತ. ಹೋಟೆಲಿನಲ್ಲಿ "ಪ್ಯಾಕಿಂಗ್ ಬ್ಯಾರೆ" ಅಂದರೆ ಕಟ್ಟಿ ಕೊಡಲು ಹೆಚ್ಚಿನ ಹಣ! ಮಾತು ಒಂದೇ, ಅರ್ಥ ಮೂರು.

ಶಹಾಬಾದಿನ ಪರಸಿಗೆ ಪ್ಯಾಕಿಂಗ್ ಬೇಕಿಲ್ಲ. ಲಾರಿಯಲ್ಲಿ ಹಾಗೇ ಒಯ್ಯುತ್ತಾರೆ. ಮಳೆ ಬಂದರೂ ಕಲ್ಲು ಕಲ್ಲೇ. ಸಿಮೆಂಟ್ ಹಾಗಲ್ಲ. ತೇವ ತಾಗಿದರೆ ಗಟ್ಟಿಯಾಗುತ್ತದೆ. ಮೊದಲು ಅದನ್ನು ಸೆಣಬಿನ ಚೀಲದಲ್ಲಿ ತುಂಬುತ್ತಿದ್ದರು. ಈಗ ಹೆಚ್ಚಾಗಿ ಪ್ಲಾಸ್ಟಿಕ್ ಚೀಲ. ಒಂದು ಚೀಲಕ್ಕೆ 50 ಕಿಲೋ.

ಆದರೆ ಚೀಲದಲ್ಲಿದ್ದರೂ ಗಾಳಿಯ ತೇವ ಒಳಗೆ ಹೋಗುತ್ತದೆ. ದಿನ ಕಳೆದಂತೆ ಸಿಮೆಂಟಿನ ಬಲ ಇಳಿಯುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡದೆ ಬಳಸಬಾರದು. ನಾವು ಸಾಲ ಮಾಡಿ ಮನೆ ಕಟ್ಟುತ್ತೇವೆ. ಹಳೆಯ ಸಿಮೆಂಟಿನಿಂದ ಛತ್ತು ಹಾಕಿದರೆ ಅದರ ಕೆಳಗೆ ಮಲಗುವವರು ನಮ್ಮ ಮಕ್ಕಳೇ ಅಲ್ಲವೇ?

ಅದಕ್ಕೇ ಚೀಲವನ್ನು ಓದಬೇಕು. ಪ್ಯಾಕ್ ಮಾಡಿದ ವಾರ ಮತ್ತು ವರ್ಷ ಅದರ ಮೇಲೆ ಇರುತ್ತದೆ. ಕೆಲವು ಚೀಲಗಳ ಮೇಲೆ ತಿಂಗಳೂ ಇರುತ್ತದೆ. ಅಕ್ಷರ ಇಂಗ್ಲಿಷಿನವು ಅಂತ ಹೆದರಬೇಡಿರಿ ಅಕ್ಕಾ. ಅಂಕಿ ನಿಮಗೆ ಬರುತ್ತವೆ. ಅಂಕಿ ಅಳಿಸಿದ್ದರೆ, ಚೀಲ ಮುಟ್ಟಿದಾಗ ಒಳಗೆ ಗಂಟು ಗಂಟು ಸಿಕ್ಕರೆ, "ಇದು ಬ್ಯಾಡ್ರಿ, ಬ್ಯಾರೆ ಕೊಡ್ರಿ" ಅನ್ನಿರಿ. ಮನೆಗೆ ತಂದ ಚೀಲಗಳನ್ನು ನೆಲಕ್ಕೆ ಇಡಬೇಡಿ, ಗೋಡೆಗೆ ಒರಗಿಸಬೇಡಿ. ಹಲಗೆಯ ಮೇಲೆ ಇಡಿ.

ಚಿತ್ತಾಪುರದ ಹೊಲದಲ್ಲಿ ಬೆಳೆದ ತೊಗರಿಯೂ ಬೇಳೆಯಾಗಿ, ಪ್ಯಾಕೆಟ್ ಆಗಿ ಅಂಗಡಿಗೆ ಬರುತ್ತದೆ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಗುರುತು ಸಿಕ್ಕಿದೆ. ಅಂದರೆ ಬೇರೆ ಕಡೆಯ ಬೇಳೆಗೆ ಈ ಹೆಸರು ಹಾಕಿ ಮಾರುವಂತಿಲ್ಲ. ಪ್ಯಾಕೆಟಿನ ಮೇಲೆ ತೂಕ, ತಿಂಗಳು, ಎಂ.ಆರ್.ಪಿ. ಬರೆದಿರಬೇಕು, ಇದು ಕಾನೂನು. ಎಂ.ಆರ್.ಪಿ. ಅಂದರೆ ತೆರಿಗೆ ಎಲ್ಲ ಸೇರಿದ ಬೆಲೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಕಡಿಮೆಗೆ ಕೇಳಬಹುದು!

ಲೆಕ್ಕ ಮಾಡಿರಿ:
ಸಿಮೆಂಟ್ ಚೀಲದ ಮೇಲೆ 10ನೇ ವಾರ ಎಂದು ಇದೆ. ಇವತ್ತು ಅದೇ ವರ್ಷದ 26ನೇ ವಾರ. ಮೂರು ತಿಂಗಳಿಗೆ ಸುಮಾರು 13 ವಾರ. ಈ ಚೀಲ ಕೊಳ್ಳಬಹುದೇ?