ರೀಲು ಕೊನೆಗೆ ಕೊಳ್ಳಿ

ಗಾಳದ ಸಾಮಾನು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ರೀಲನ್ನು. ಯಾವ ಕಂಪನಿ, ಎಷ್ಟು ಬೇರಿಂಗು, ಎಷ್ಟು ಬೆಲೆ ಎಂದೆಲ್ಲ ಕೇಳಿ, ಕೈಯಲ್ಲಿದ್ದ ದುಡ್ಡಿನ ಬಹುಪಾಲನ್ನು ಅದಕ್ಕೇ ಸುರಿಯುತ್ತಾರೆ. ಉಳಿದ ಚಿಲ್ಲರೆಯಲ್ಲಿ ಒಂದು ರಾಡ್, ಒಂದಿಷ್ಟು ದಾರ, ಬಣ್ಣ ನೋಡಿ ಆರಿಸಿದ ನಾಲ್ಕು ಲ್ಯೂರ್, ಅಂದರೆ ನಕಲಿ ಎರೆ. ಕುಂದುರ್ಪಿ, ಕಲ್ಯಾಣದುರ್ಗ, ಹಿಂದೂಪುರದ ಸುತ್ತಿನ ಕೆರೆಗಳಲ್ಲಿ ಗಾಳ ಬೀಸಿ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಸರದಿಯನ್ನು ಪೂರ್ತಿ ತಿರುಗಿಸಬೇಕು. ಮೊದಲು ನೀರು ಮತ್ತು ಮೀನು, ಅದಕ್ಕೆ ತಕ್ಕ ಲ್ಯೂರ್, ಲ್ಯೂರಿಗೆ ತಕ್ಕ ದಾರ, ಎರಡಕ್ಕೂ ತಕ್ಕ ರಾಡ್, ಎಲ್ಲ ಮುಗಿದ ಮೇಲೆ ರೀಲು. ದಾರ ಸುತ್ತಿದ ಸ್ಪೂಲೇ ತಿರುಗುವ ಬೇಟ್‌ಕಾಸ್ಟಿಂಗ್ ರೀಲು ನಮ್ಮ ಕಡೆಯ ಕೆರೆಗಳಿಗೆ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಅದು ಏಕೆ ಒಗ್ಗುತ್ತದೆ ಎಂಬುದು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತರೆ ತಿಳಿಯುವುದಿಲ್ಲ, ಕೆರೆಯ ಏರಿಯ ಮೇಲೆ ನಿಂತರೆ ತಿಳಿಯುತ್ತದೆ.

ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಕೆರೆಗೆ ನೀರು ತರುವ ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಿನದು. ಕೆಲವು ಕೆರೆಗಳು ವರ್ಷಗಟ್ಟಲೆ ಒಣಗಿಯೇ ಇರುತ್ತವೆ. ಆ ಬಿಡುವಿನಲ್ಲಿ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಎದ್ದು ನಿಲ್ಲುತ್ತದೆ. ಮತ್ತೆ ನೀರು ಬಂದಾಗ ಆ ಮುಳ್ಳಿನ ಪೊದೆಗಳು ಹಾಗೇ ಮುಳುಗುತ್ತವೆ. ಅಂಚಿನಲ್ಲಿ ಜೊಂಡು, ನಡುವೆ ತಾವರೆ, ನೈದಿಲೆ, ಪಾಚಿ. ನೀರು ಕೆಮ್ಮಣ್ಣಿನ ಬಣ್ಣದ್ದು, ತೂಬಿನ ಬಳಿ ಬಿಟ್ಟರೆ ಆಳ ಕಡಿಮೆ. ಇಂಥ ನೀರಿಗೆ ಹೇಳಿ ಮಾಡಿಸಿದ ಬೇಟೆಗಾರ ಕೊರಮೀನು. ಕುಚ್ಚು ಮೀನು ಎಂದೂ ಮುರ್ರೆಲ್ ಎಂದೂ ಕರೆಯುವ ಇದು ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ. ಆದ್ದರಿಂದ ಆಮ್ಲಜನಕ ಕಡಿಮೆಯಾದ ಬೆಚ್ಚನೆಯ ನೀರಿನಲ್ಲಿಯೂ ಬದುಕುತ್ತದೆ, ಕೆರೆ ಬತ್ತಿದಾಗ ಹಸಿ ಕೆಸರಿನಲ್ಲಿ ಹುದುಗಿಕೊಂಡೂ ಕೆಲಕಾಲ ತಾಳುತ್ತದೆ. ಸೊಪ್ಪಿನ ನೆರಳಿನಲ್ಲಿ ಅಲುಗಾಡದೆ ಹೊಂಚಿ, ಕಪ್ಪೆಯೋ ಸಣ್ಣ ಮೀನೋ ಹತ್ತಿರ ಬಂದಾಗ ಒಮ್ಮೆಗೇ ಎರಗುವುದು ಅದರ ರೀತಿ. ಅಮೆರಿಕದ ಲಾರ್ಜ್‌ಮೌತ್ ಬಾಸ್ ಮೀನು ಬೇಟೆಯಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಅದಕ್ಕೇ ಬಾಸ್‌ಗಾಗಿ ಹುಟ್ಟಿದ ಸಾಮಾನು ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಸ್ ಮೀನನ್ನೇ ತಂದು ಬಿಟ್ಟರೆ ಹೇಗೆ ಎನ್ನುವ ಉತ್ಸಾಹಿಗಳಿಗೆ ಜಪಾನಿನ ಕಥೆ ಸಾಕು. 1925ರಲ್ಲಿ ಅಲ್ಲಿನ ಆಶಿ ಸರೋವರಕ್ಕೆ ಬಿಟ್ಟ ಬಾಸ್ ದೇಶದ ತುಂಬ ಹರಡಿ ಸ್ಥಳೀಯ ಮೀನುಗಳನ್ನು ತಿಂದದ್ದರಿಂದ, 2005ರ ಹೊತ್ತಿಗೆ ಅದನ್ನು ಜೀವಂತ ಸಾಗಿಸುವುದನ್ನೇ ಕಾನೂನು ತಡೆಯಬೇಕಾಯಿತು. ನಮಗೆ ಕೊರಮೀನು ಇದೆ, ಅದು ಯಾವ ಬಾಸಿಗೂ ಕಡಿಮೆಯಲ್ಲ.

ನೀರು ಇಷ್ಟು ಹೇಳಿದ ಮೇಲೆ ಲ್ಯೂರಿನ ಆಯ್ಕೆ ಬಹಳ ಕಿರಿದಾಗುತ್ತದೆ. ಬಾಸ್‌ಗೆಂದು ಮಾರುವ ಡಬ್ಬದಲ್ಲಿ ಅರ್ಧಕ್ಕರ್ಧ ನಮಗೆ ಬೇಡ. ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ ಮೊಣಕಾಲುದ್ದದ ನೀರಿನಲ್ಲಿ ಕೆಸರು ಕೆದಕುತ್ತದೆ. ಮೂರು ಮೊನೆಯ ಕೊಕ್ಕೆ ತೂಗುವ ಲ್ಯೂರ್ ಎರಡನೆಯ ಬೀಸಿಗೆ ಜಾಲಿಯ ಪಾಲು. ಇಲ್ಲಿ ನಿಲ್ಲುವುದು ಟೊಳ್ಳು ಮೈಯ ರಬ್ಬರ್ ಕಪ್ಪೆ. ಅದರ ಎರಡು ಕೊಕ್ಕೆಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುವುದರಿಂದ ತಾವರೆ ಎಲೆಯ ಮೇಲೆ ಏರಿ, ಇಳಿದು, ಸಿಕ್ಕಿಕೊಳ್ಳದೆ ಬರುತ್ತದೆ. ಮೀನು ಕಚ್ಚಿ ಮೈ ಅದುಮಿದಾಗ ಮಾತ್ರ ಕೊಕ್ಕೆ ಹೊರಬರುತ್ತದೆ. ಈ ಒಂದು ವಿವರ ಅರ್ಥವಾಗದೆ ಎಷ್ಟೋ ಮೀನು ತಪ್ಪುತ್ತವೆ. ನೀರು ಚಿಮ್ಮಿದ ಕ್ಷಣವೇ ಎಳೆದರೆ ಕಪ್ಪೆ ಬಾಯಿಂದ ಹಾಗೇ ಜಾರಿ ಬರುತ್ತದೆ. ಮೀನು ಅದನ್ನು ಒಳಗೆಳೆದುಕೊಂಡು ತಿರುಗಿ ದಾರ ಬಿಗಿಯುವವರೆಗೆ ತಡೆದು, ಆಮೇಲೆ ಝಾಡಿಸಬೇಕು. ಕಪ್ಪೆಯ ಬಣ್ಣದ ಬಗ್ಗೆ ನಡೆಯುವ ವಾದಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಕಾಣುವುದು ಒಂದು ಕಪ್ಪು ಆಕಾರ. ಬಣ್ಣಕ್ಕಿಂತ ತೂಕ ಮುಖ್ಯ: 10ರಿಂದ 15 ಗ್ರಾಂ ಇದ್ದರೆ ದೂರ ಹೋಗುತ್ತದೆ, ಸೊಪ್ಪಿನ ಮೇಲೆ ಬಿದ್ದಾಗ ಸದ್ದೂ ಮಾಡುತ್ತದೆ. ಹೊಸ ನೀರು ಬಂದು ಕೆರೆ ಕದಡಿ, ಸೊಪ್ಪು ಇನ್ನೂ ಎದ್ದಿಲ್ಲದ ದಿನಗಳಲ್ಲಿ ತಗಡು ತಿರುಗಿ ಕಂಪಿಸುವ ಸ್ಪಿನ್ನರ್‌ಬೇಟ್ ಉತ್ತಮ, ಕಣ್ಣಿಗೆ ಕಾಣದ್ದನ್ನು ಮೀನು ಮೈಯಿಂದ ಗ್ರಹಿಸುತ್ತದೆ. ಇವೆರಡು ಇದ್ದರೆ ವರ್ಷ ಕಳೆಯಬಹುದು.

ದಾರದ ವಿಷಯಕ್ಕೆ ಬಂದರೆ ಆಕ್ಷೇಪ ಶುರು. ಕಿಲೋ, ಎರಡು ಕಿಲೋ ತೂಗುವ ಮೀನಿಗೆ 40, 50 ಪೌಂಡಿನ ಹೆಣೆದ ಬ್ರೇಡ್, ಅಂದರೆ 18ರಿಂದ 23 ಕಿಲೋ ತಡೆಯುವ ದಾರ ಏಕೆ, ಇದರಲ್ಲಿ ಆಟವೆಲ್ಲಿದೆ ಎನ್ನುತ್ತಾರೆ. ನಾವು ಎಳೆಯುವುದು ಮೀನನ್ನಷ್ಟೇ ಅಲ್ಲ. ಕೊಕ್ಕೆ ಬಿದ್ದ ಕೊರಮೀನು ಮಾಡುವ ಮೊದಲ ಕೆಲಸ ನೇರ ಬೇರಿನೊಳಗೆ ನುಗ್ಗುವುದು. ಅಲ್ಲಿಂದ ಹೊರತರುವಾಗ ಅದರ ಜೊತೆ ಒಂದು ಹೊರೆ ಜೊಂಡೂ ಬರುತ್ತದೆ. ತೆಳು ದಾರ ಹಾಕಿ ಆಟ ಆಡಿಸುತ್ತೇನೆ ಎನ್ನುವವನ ದಾರ ತುಂಡಾದರೆ ಅವನಿಗೆ ಹೋಗುವುದು ಒಂದು ಕಪ್ಪೆ, ಮೀನಿಗೆ ಉಳಿಯುವುದು ಬಾಯಲ್ಲಿ ಸಿಕ್ಕಿಕೊಂಡ ಕೊಕ್ಕೆ. ದಪ್ಪ ದಾರ ಇಲ್ಲಿ ಮೀನಿನ ಮೇಲಿನ ಕರುಣೆಯೂ ಹೌದು. ನೈಲಾನ್ ಮೋನೋ ದಾರ ಹಿಗ್ಗುತ್ತದೆ, ಹದಿನೈದು ಮೀಟರ್ ಆಚೆ ಝಾಡಿಸಿದ ಬಲದಲ್ಲಿ ಒಂದು ಪಾಲು ಆ ಹಿಗ್ಗಿನಲ್ಲೇ ಕಳೆದುಹೋಗುತ್ತದೆ. ಕೊರಮೀನಿನ ಎಲುಬು ತುಂಬಿದ ಬಾಯಿಗೆ ಅದು ಸಾಲದು. ಬ್ರೇಡ್ ಹಿಗ್ಗುವುದಿಲ್ಲ, ತೇಲುತ್ತದೆ, ಎಲೆಯ ದಂಟನ್ನು ಕತ್ತರಿಸಿಕೊಂಡೂ ಬರುತ್ತದೆ. ಸ್ಪೂಲಿನ ಬುಡದಲ್ಲಿ ಒಂದಿಷ್ಟು ಮೋನೋ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಬೇಕು. ಇಲ್ಲದಿದ್ದರೆ ನುಣುಪಾದ ಲೋಹದ ಮೇಲೆ ಬ್ರೇಡ್ ಜಾರಿ ಇಡೀ ಸುತ್ತೇ ತಿರುಗುತ್ತದೆ.

ನನ್ನ ಲೆಕ್ಕದಲ್ಲಿ ದುಡ್ಡು ಸುರಿಯಬೇಕಾದದ್ದು ರಾಡಿಗೆ. ಆರೂವರೆಯಿಂದ ಏಳು ಅಡಿ ಉದ್ದ, ಮೀಡಿಯಂ ಹೆವಿ ಬಲ, ತುದಿ ಮಾತ್ರ ಬಾಗಿ ಕೆಳಗೆ ಗಟ್ಟಿ ನಿಲ್ಲುವ ಫಾಸ್ಟ್ ಆಕ್ಷನ್. ತುದಿ ಬಾಗದಿದ್ದರೆ ಹಗುರ ಕಪ್ಪೆ ದೂರ ಹೋಗುವುದಿಲ್ಲ, ನಡು ಬಾಗಿದರೆ ಮೀನು ಬೇರಿಂದ ಏಳುವುದಿಲ್ಲ. ರಾಡಿನ ಬುಡದಲ್ಲಿ ಅದು ಎಷ್ಟು ಗ್ರಾಮಿನ ಲ್ಯೂರಿಗೆ ಎಂದು ಬರೆದಿರುತ್ತಾರೆ. ರೀಲಿನ ಬೇರಿಂಗು ಎಣಿಸುವವರು ಈ ಸಾಲನ್ನು ಓದುವುದೇ ಇಲ್ಲ. ದಾರ ಹಾಯುವ ಉಂಗುರಗಳನ್ನೂ ನೋಡಬೇಕು. ಅಗ್ಗದ ರಾಡಿನ ಉಂಗುರದಲ್ಲಿ ಬ್ರೇಡ್ ಗೀರು ಕೊರೆಯುತ್ತದೆ, ಆ ಗೀರು ಮುಂದೆ ಬ್ರೇಡನ್ನೇ ಹರಿಯುತ್ತದೆ. ಒಂದೇ ತುಂಡಿನ ರಾಡ್ ಶ್ರೇಷ್ಠ ಎನ್ನುವ ಮಾತು ಕಾರಿದ್ದವರಿಗೆ. ಆರ್‌ಟಿಸಿ ಬಸ್ಸಿನಲ್ಲಿ, ಬೈಕಿನ ಹಿಂದೆ ಹೋಗುವವರಿಗೆ ಎರಡು ತುಂಡಿನದೇ ಸರಿ, ಇಂದಿನ ಜೋಡಣೆಗಳಲ್ಲಿ ಕೈಗೆ ತಿಳಿಯುವ ವ್ಯತ್ಯಾಸ ತೀರ ಕಡಿಮೆ.

ಇಷ್ಟಾದ ಮೇಲೆ ರೀಲು. ಬೇಟ್‌ಕಾಸ್ಟಿಂಗ್ ರೀಲಿನ ಮೂಲ ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕದ ಕೆಂಟುಕಿಯದು. ಅಲ್ಲಿನ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಕೆಲಸದವನು ಹಲ್ಲುಗಾಲಿ ಜೋಡಿಸಿ, ಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲು ಹಲವು ಸುತ್ತು ತಿರುಗುವಂತೆ ಮಾಡಿದ. ಆ ತತ್ವ ಇಂದಿಗೂ ಅದೇ. 34 ಮಿಲಿಮೀಟರ್ ಅಡ್ಡಳತೆಯ ಸ್ಪೂಲು, 7:1 ಗೇರ್ ಇದ್ದರೆ ಹಿಡಿಯ ಒಂದು ಸುತ್ತಿಗೆ ಸುಮಾರು 75 ಸೆಂಟಿಮೀಟರ್ ದಾರ ಒಳಬರುತ್ತದೆ, 5:1 ಆದರೆ 53. ಕಪ್ಪೆ ಆಡಿಸುವಾಗ ಸಡಿಲ ಬಿದ್ದ ದಾರವನ್ನು ಮೀನು ಕಚ್ಚಿದೊಡನೆ ಎತ್ತಿಕೊಳ್ಳಬೇಕಾದ್ದರಿಂದ ನಮಗೆ 7ರ ಹತ್ತಿರದ್ದು ಬೇಕು. ಸ್ಪಿನ್ನಿಂಗ್ ರೀಲಿನಲ್ಲಿ ದಾರ ಒಳಬರುವಾಗ ಉರುಳೆಯ ಮೇಲೆ ಲಂಬಕೋನದಲ್ಲಿ ತಿರುಗುತ್ತದೆ, ಇದರಲ್ಲಿ ನೇರ ಸ್ಪೂಲಿಗೆ ಸುತ್ತಿಕೊಳ್ಳುತ್ತದೆ. ಭಾರ ಎಳೆಯುವ ಕೆಲಸಕ್ಕೆ ಇದೇ ಮೇಲು. ಇನ್ನೂ ಮುಖ್ಯವಾದದ್ದು ಹೆಬ್ಬೆರಳು. ಹಾರುತ್ತಿರುವ ಕಪ್ಪೆಯನ್ನು ಸ್ಪೂಲಿನ ಮೇಲಿಟ್ಟ ಹೆಬ್ಬೆರಳಿನಿಂದ ತಡೆದು, ತಾವರೆ ಎಲೆಗಳ ನಡುವಿನ ತಟ್ಟೆಯಗಲದ ತೆರವಿನಲ್ಲಿ ಇಳಿಸಬಹುದು. ಆದರೆ ಇದಕ್ಕೆ ದುಬಾರಿ ರೀಲು ಬೇಕಿಲ್ಲ. ಅದು ಬೇಕಾದದ್ದು ಹೊಳೆಯ ದೊಡ್ಡ ಮೀನಿಗೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿ ಹೊಳೆಯಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದದ್ದು ಪ್ರಸಿದ್ಧ. ಅಂಥ ಮೀನು ಹೊಳೆಯ ಸೆಳವಿನಲ್ಲಿ ಬಹುದೂರ ಓಡುತ್ತದೆ, ಅಲ್ಲಿ ದಾರ ಹಿಡಿಸುವ ದೊಡ್ಡ ಸ್ಪೂಲೂ, ಓಡುವ ಮೀನಿಗೆ ದಾರ ಬಿಟ್ಟುಕೊಡುವ ನಯವಾದ ಡ್ರ್ಯಾಗೂ ಅಗತ್ಯ. ಕೊರಮೀನಿನ ಜಗಳ ನಾಲ್ಕಾರು ಮೀಟರಿನಲ್ಲಿ ತೀರುತ್ತದೆ, ಡ್ರ್ಯಾಗು ಬಿಗಿದೇ ಇರುತ್ತದೆ. ನೂರು ಮೀಟರ್ ದಾರ, ಗಟ್ಟಿ ಗೇರು, ಕೆಲಸ ಮಾಡುವ ಬ್ರೇಕು ಇಷ್ಟಿದ್ದರೆ ಸಾಕು.

ಬೇಟ್‌ಕಾಸ್ಟರ್ ವಿರುದ್ಧದ ದೊಡ್ಡ ದೂರು ಸಿಕ್ಕು. ಬೀಸಿದ ಮರುಕ್ಷಣ ಸ್ಪೂಲಿನ ಮೇಲೆ ದಾರದ ಗೋಜಲು, ಬಿಡಿಸುವುದರಲ್ಲೇ ಬೆಳಗು ಹೋಗುತ್ತದೆ ಎಂದು ಹಲವರು ಅದನ್ನು ಮೂಲೆಗೆಸೆದಿದ್ದಾರೆ. ದೂರು ನಿಜ, ಆದರೆ ಕಾರಣ ತಿಳಿದರೆ ಮದ್ದೂ ತಿಳಿಯುತ್ತದೆ. ಕೈಬಿಟ್ಟ ಕ್ಷಣ ಲ್ಯೂರಿನ ವೇಗ ಅತಿ ಹೆಚ್ಚು, ಆಮೇಲೆ ಗಾಳಿ ಅದನ್ನು ತಡೆಯುತ್ತದೆ. ಸ್ಪೂಲಿಗೆ ಆ ತಡೆ ಇಲ್ಲ. ಇಳಿಜಾರಿನಲ್ಲಿ ಎತ್ತು ನಿಂತರೂ ಗಾಡಿ ಮುನ್ನುಗ್ಗಿದಂತೆ ಅದು ತಿರುಗುತ್ತಲೇ ಇರುತ್ತದೆ, ಹೊರಹೋಗಲಾರದ ದಾರ ಮೇಲೆದ್ದು ಸುತ್ತಿಕೊಳ್ಳುತ್ತದೆ. ಕಪ್ಪೆಯಂಥ ದಪ್ಪ ಲ್ಯೂರನ್ನು ಗಾಳಿ ಬೇಗ ತಡೆಯುವುದರಿಂದ ಇದು ಇನ್ನೂ ಜಾಸ್ತಿ. ಹಿಡಿಯ ಪಕ್ಕದ ಗುಂಡಿಯನ್ನು, ಬಿಟ್ಟ ಲ್ಯೂರ್ ನಿಧಾನ ಇಳಿದು ನೆಲ ಮುಟ್ಟಿದಾಗ ಸ್ಪೂಲೂ ನಿಲ್ಲುವಂತೆ ಬಿಗಿಯಬೇಕು. ಲ್ಯೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಆಚೆ ಪಕ್ಕದ ಬ್ರೇಕನ್ನು ಕಲಿಯುವಾಗ ಹೆಚ್ಚು ಇಟ್ಟು, ಹೆಬ್ಬೆರಳು ಪಳಗಿದಂತೆ ಇಳಿಸುತ್ತ ಬರಬೇಕು. ಝಾಡಿಸಿ ಎಸೆಯದೆ ಒಂದೇ ಹದದಲ್ಲಿ ಬೀಸಬೇಕು. ಗಾಳಿಯ ದಿಕ್ಕನ್ನೂ ನೋಡಬೇಕು. ಕಲ್ಯಾಣದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ಎದುರಾಗಿ ಬೀಸಿದರೆ ಎಂಥ ಪಳಗಿದ ಕೈಯೂ ಸೋಲುತ್ತದೆ, ಏರಿಯ ಇನ್ನೊಂದು ಬದಿಗೆ ನಡೆದು ಹೋಗುವುದೇ ಜಾಣತನ. ಇನ್ನು, 7 ಗ್ರಾಮಿಗಿಂತ ಹಗುರ ಲ್ಯೂರ್ ಬಳಸುವವರಿಗೆ ಸಾಮಾನ್ಯ ಬೇಟ್‌ಕಾಸ್ಟರ್ ಬೇಡವೇ ಬೇಡ. ಅಷ್ಟು ಹಗುರ ತೂಕಕ್ಕೆ ಸ್ಪೂಲು ಸರಿಯಾಗಿ ಎದ್ದೇಳುವುದಿಲ್ಲ. ಅಲ್ಲಿ ಸ್ಪಿನ್ನಿಂಗ್ ರೀಲೇ ಗೆಲ್ಲುತ್ತದೆ, ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಬಿದಿರು ಕೋಲಿಗೆ ಎರೆಹುಳು ಸಿಕ್ಕಿಸಿ ಕೂತವನು ರೀಲು ಹಿಡಿದವರೆಲ್ಲರಿಗಿಂತ ಹೆಚ್ಚು ಮೀನು ಹಿಡಿಯುತ್ತಾನೆ, ಇಷ್ಟೆಲ್ಲ ಏಕೆ ಎಂಬ ಮಾತೂ ಇದೆ. ಸಾರಿಗೆ ಮೀನು ಬೇಕಾದವನಿಗೆ ಇಷ್ಟೆಲ್ಲ ಬೇಕಿಲ್ಲ, ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕೋಲು ಮುಟ್ಟುವುದು ತನ್ನುದ್ದದಷ್ಟು ದೂರ, ಅದೂ ತೆರೆದ ನೀರಿನಲ್ಲಿ. ಸೊಪ್ಪಿನ ನಡುವೆ ಕೂತ ದೊಡ್ಡ ಮೀನು ಅಲ್ಲಿಗೆ ಬರುವವರೆಗೆ ಕಾಯಬೇಕು. ಕಪ್ಪೆ ಬೀಸುವವನು ಒಂದು ಬೆಳಗಿನಲ್ಲಿ ಅರ್ಧ ಕೆರೆ ಸುತ್ತುತ್ತಾನೆ, ಜೀವಂತ ಕಪ್ಪೆಯ ಬೆನ್ನಿಗೆ ಕೊಕ್ಕೆ ಚುಚ್ಚುವ ಪಾಪವೂ ತಪ್ಪುತ್ತದೆ. ಕಾಟ್ಲ, ರೋಹು ಬೇಕಾದವರು ಮಾತ್ರ ಲ್ಯೂರ್ ನಂಬಬಾರದು, ಅವುಗಳಿಗೆ ಹಿಟ್ಟಿನ ಉಂಡೆಯೇ ಸರಿ.

ಇನ್ನು ಕೊಂಡ ಮೇಲಿನ ಆರೈಕೆ. ಕೆಮ್ಮಣ್ಣಿನ ದೂಳು ರೀಲಿನ ನಿಜವಾದ ಶತ್ರು. ನೆಲದ ಮೇಲೆ ಇಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಬೇರಿಂಗಿಗೆ ಒಂದು ಹನಿ ಎಣ್ಣೆ ಬಿಡಿ. ಎರಡು ಹನಿ ಬಿಟ್ಟರೆ ದೂಳು ಅಲ್ಲೇ ಅಂಟುತ್ತದೆ.

ಸಾಮಾನು ಸರಿಯಾದಷ್ಟೂ ಮೀನಿಗೆ ಉಳಿಯುವ ದಾರಿ ಕಡಿಮೆ, ಆದ್ದರಿಂದ ಕೊನೆಗೆ ಒಂದು ಕೋರಿಕೆ. ನಮ್ಮ ಕೆರೆಗಳಲ್ಲಿ ಹಲವನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದು ಮರಿ ಬಿಟ್ಟಿರುತ್ತವೆ. ಅವರನ್ನು ಕೇಳದೆ ಗಾಳ ಬೀಸುವುದು ಕಳ್ಳತನ. ಮಳೆಗಾಲದಲ್ಲಿ ಕೊರಮೀನು ಮರಿ ಮಾಡಿದಾಗ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ನೀರಿನ ಮೇಲೆ ಗುಳುಗುಳು ಎನ್ನುತ್ತ ಆಡುತ್ತದೆ, ಕೆಳಗೆ ತಾಯಿ ಅಥವಾ ತಂದೆ ಮೀನು ಕಾವಲಿರುತ್ತದೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಕಾವಲಿನ ಮೀನು ಎರಗುವುದು ಹಸಿವಿಗಲ್ಲ, ಮರಿ ಉಳಿಸಲು. ಎಂಥ ಹೊಸಬನಿಗೂ ಸಿಗುವ ಮೀನು ಅದು. ಆದರೆ ಕಾವಲು ಹೋದೊಡನೆ ಆ ಮರಿಗಳನ್ನು ಬೇರೆ ಮೀನು, ಹಕ್ಕಿಗಳು ಮುಗಿಸಿಬಿಡುತ್ತವೆ. ಮರಿಗುಂಪು ಕಂಡ ಕಡೆ ಗಾಳ ಬೀಸಬೇಡಿ, ಕೆರೆಯ ಬೇರೆ ಮೂಲೆಗೆ ಹೋಗಿ.